ಪಿನ್ ನಕ್ಷೆ ಕಾರಿನ ಮಾಲೀಕನಿಗೂ ಸಿಗಲಿ

ನಾಗಪುರದ ಮಿಹಾನ್ ವಲಯದಲ್ಲಿ ಬೋಯಿಂಗ್ ಕಟ್ಟಿಸಿದ ವಿಮಾನ ದುರಸ್ತಿ ಕೇಂದ್ರವಿದೆ. ಅದನ್ನು ನಡೆಸುವುದು ಬೋಯಿಂಗ್ ಅಲ್ಲ, ಎಐ ಎಂಜಿನಿಯರಿಂಗ್ ಸರ್ವೀಸಸ್. ವಿಮಾನ ಮಾಡಿದವರೊಬ್ಬರು, ಬಿಚ್ಚಿ ಜೋಡಿಸುವವರು ಇನ್ನೊಬ್ಬರು. ನಿರ್ವಹಣೆಯ ಕೈಪಿಡಿಗಳನ್ನು ಒದಗಿಸುವ ಹೊಣೆಯನ್ನು ವಾಯುಯಾನದ ನಿಯಮಗಳು ತಯಾರಕರ ಮೇಲೆಯೇ ಹೊರಿಸಿರುವುದರಿಂದ ಈ ಏರ್ಪಾಡು ನಡೆಯುತ್ತದೆ. ನೂರಾರು ಜನ ಕೂರುವ ವಿಮಾನದ ವಿಷಯದಲ್ಲಿ ಒಪ್ಪಿಕೊಂಡ ಈ ನೀತಿ ಕಾರಿನ ಸ್ಟೀರಿಯೋಗೂ ಅನ್ವಯಿಸಬೇಕು.

ರೇಡಿಯೋ ಮತ್ತು ಸಿಡಿ ಮಾತ್ರ ಇರುವ ಹಳೆಯ ಕಾರುಗಳು ಇನ್ನೂ ಗಟ್ಟಿಮುಟ್ಟಾಗಿ ಓಡುತ್ತಿವೆ. ಮೊಬೈಲಿನ ಹಾಡು ಕೇಳಲು ಅವುಗಳಿಗೆ ಬೇಕಾದದ್ದು ಒಂದು ಆಕ್ಸ್ ಜ್ಯಾಕ್ ಅಷ್ಟೆ. ಇಂಥ ಅನೇಕ ಸ್ಟೀರಿಯೋಗಳ ಬೆನ್ನಿಗೆ ಕರೆಂಟಿನದೊಂದು, ಸ್ಪೀಕರಿನದೊಂದು ಸಾಕೆಟ್ ಇದ್ದು, ಪಕ್ಕದಲ್ಲೇ ಹಲವು ಸಿಡಿಗಳನ್ನು ಒಂದೊಂದಾಗಿ ನುಡಿಸುವ ಸಿಡಿ ಚೇಂಜರ್‌ಗೆಂದು ಬಿಟ್ಟ ಪಿನ್ನುಗಳಿರುತ್ತವೆ. ಆ ಪಿನ್ನುಗಳಿಗೆ ಎಡ, ಬಲ, ಗ್ರೌಂಡ್ ಎಂದು ಜ್ಯಾಕಿನ ಮೂರು ತಂತಿ ಕೊಟ್ಟ ಮಾತ್ರಕ್ಕೆ ದನಿ ಬರುವುದಿಲ್ಲ. ಚೇಂಜರ್ ಇದೆಯೆಂಬ ಸಂಕೇತ ಬಂದರೆ ಮಾತ್ರ ಸ್ಟೀರಿಯೋ ಆ ದಾರಿ ತೆರೆಯುತ್ತದೆ. ಯಾವ ಪಿನ್ನು, ಯಾವ ಸಂಕೇತ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಅದನ್ನು ತೋರಿಸುವ ಪಿನ್ ನಕ್ಷೆ ಸುಲಭವಾಗಿ ಸಿಗುವುದಿಲ್ಲ. ಹಾಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಯ ಕುಶಲ ಮೆಕ್ಯಾನಿಕ್ಕೂ ಅಂದಾಜಿನ ಮೇಲೆ ಕೈಯಾಡಿಸಬೇಕು. ಇಲ್ಲವೇ ಎಫ್‌ಎಂ ಟ್ರಾನ್ಸ್‌ಮಿಟರ್ ಸಿಕ್ಕಿಸಿ, ನಿಲಯಗಳು ಕಿಕ್ಕಿರಿದ ನಗರದಲ್ಲಿ ಗೊರಗೊರ ಸದ್ದು ಸಹಿಸಬೇಕು. ಅದೂ ಬೇಡವೆಂದರೆ ಸುಸ್ಥಿತಿಯಲ್ಲಿರುವ ಸೆಟ್ಟನ್ನೇ ಗುಜರಿಗೆ ಹಾಕಬೇಕು. ಇದು ಶುದ್ಧ ಪೋಲು.

ತಪ್ಪು ತಂತಿಗೆ ಕೈ ಹಾಕಿದರೆ ಫ್ಯೂಸ್ ಹೋಗುತ್ತದೆ, ವೈರಿಂಗ್ ಸುಟ್ಟರೆ ಪ್ರಾಣಕ್ಕೇ ಕುತ್ತು ಎಂಬ ಆಕ್ಷೇಪ ನಿಜವಾದದ್ದೇ. ಆದರೆ ತಂತಿ ಕತ್ತರಿಸಿ ನೋಡುವ ಪ್ರಮೇಯ ಬರುವುದೇ ನಕ್ಷೆ ಸಿಗದಿರುವುದರಿಂದ. ಕಳ್ಳರ ಭಯವಿದ್ದರೆ, ಸೆಟ್ಟಿನ ಕಳ್ಳತನ ತಡೆಯುವ ರೇಡಿಯೋ ಕೋಡ್ ಗುಟ್ಟಾಗಿಯೇ ಇರಲಿ. ದನಿಯ ಪಿನ್ ಯಾವುದೆಂದು ತಿಳಿದು ಕಳ್ಳನಿಗೆ ಆಗುವ ಲಾಭವೇನೂ ಇಲ್ಲ. ಇನ್ನು ಇದು ವ್ಯಾಪಾರದ ಗುಟ್ಟು ಎಂಬ ವಾದವೂ ನಿಲ್ಲದು. ಬಿಡಿಭಾಗ, ತಪಾಸಣಾ ಸಾಧನಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮಿಕ್ಕಿ ದಂಡ ಹಾಕಿತ್ತು. ಅದು ಮೇಲ್ಮನವಿಗೆ ಹೋಯಿತು, ನಿಜ. ಆದರೂ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿ ಹಕ್ಕಿಗೆಂದು ಸಮಿತಿ ರಚಿಸಿದಾಗ ವಾಹನಗಳನ್ನೂ ಅದರ ವ್ಯಾಪ್ತಿಗೆ ತಂದಿತು. ಅದೇ ವರ್ಷದ ಕೊನೆಯಲ್ಲಿ ಶುರುವಾದ ದುರಸ್ತಿ ಹಕ್ಕಿನ ಸರ್ಕಾರಿ ಪೋರ್ಟಲ್‌ನಲ್ಲಿ ಪ್ರತಿ ಮಾದರಿಯ ಸ್ಟೀರಿಯೋದ ಪಿನ್ ನಕ್ಷೆ, ಚೇಂಜರ್ ಸಂಕೇತದ ವಿವರಗಳನ್ನು ಕಂಪನಿಗಳು ಹಾಕುವುದನ್ನು ಕಡ್ಡಾಯ ಮಾಡಬೇಕು. ಮಾರಾಟ ನಿಲ್ಲಿಸಿದ ಮಾದರಿಗಳಿಂದಲೇ ಶುರುವಾಗಲಿ.