ಗಾಳಕ್ಕೆ ಬೀಗ, ಬಲೆಗೆ ಬಾಗಿಲು

2018ರ ಜನವರಿ 1ರಿಂದ ಇಂಗ್ಲೆಂಡಿನ ದಕ್ಷಿಣ ದಂಡೆಯಲ್ಲಿ ಹವ್ಯಾಸಕ್ಕೆಂದು ಗಾಳ ಹಾಕುವವರು ಬಾಸ್ ಎಂಬ ಕಡಲ ಮೀನು ಹಿಡಿದರೆ ಅಲ್ಲೇ ನೀರಿಗೆ ಬಿಡಬೇಕಿತ್ತು. ಒಂದೇ ಒಂದನ್ನೂ ಮನೆಗೆ ಒಯ್ಯುವಂತಿರಲಿಲ್ಲ. ಅದೇ ವರ್ಷ, ಅದೇ ನೀರಿನಲ್ಲಿ, ಗಾಳದಿಂದ ಹಿಡಿದು ಮಾರುವ ಪರವಾನಗಿಯ ದೋಣಿಯೊಂದಕ್ಕೆ ವರ್ಷಕ್ಕೆ 5 ಟನ್, ಗಿಲ್‌ನೆಟ್ ಎಂಬ ಬಲೆ ಹಾಕುವ ದೋಣಿಗೆ 1.2 ಟನ್ ಬಾಸ್ ಹಿಡಿಯಲು ಅವಕಾಶವಿತ್ತು. ಕಾನೂನು ಒಪ್ಪುವ ಕನಿಷ್ಠ ಅಳತೆ 42 ಸೆಂಟಿಮೀಟರ್. ಆ ಅಳತೆಯ ಬಾಸ್ ಒಂದು ಕಿಲೋ ಆಸುಪಾಸು ತೂಗುತ್ತದೆ. ಅಂದರೆ ಒಂದೇ ಗಿಲ್‌ನೆಟ್ ದೋಣಿಗೆ ಸಾವಿರದಷ್ಟು ಮೀನು. ಮಗಳ ಕೈಗೆ ಗಾಳದ ಕೋಲು ಕೊಟ್ಟು ಭಾನುವಾರ ದಂಡೆಗೆ ಬಂದ ಅಪ್ಪನಿಗೆ ಸೊನ್ನೆ.

ಈ ಆದೇಶ ಬಂದಾಗ ಗಾಳಗಾರರು ಸಿಟ್ಟಾದರು. ಹೊರಗೆ ನಿಂತು ನೋಡಿದವರಿಗೆ ಅದು ಬರೀ ಹಟವಾಗಿ ಕಂಡಿತು. ಮೀನು ಅಳಿಯುತ್ತಿದೆ, ಸರಕಾರ ಉಳಿಸಲು ಹೊರಟಿದೆ, ಮೋಜಿಗೆ ಹಿಡಿಯುವವರು ಸ್ವಲ್ಪ ಕಾಲ ಸುಮ್ಮನಿರಲಾಗದೆ ಎಂದು ಕೇಳಿದವರು ಬಹಳ. ಆ ದಂಡೆಯಲ್ಲಿ ಬಿಡುವು ಸಿಕ್ಕಾಗ ಗಾಳ ಹಾಕುವವರಲ್ಲಿ ನಾನೂ ಒಬ್ಬನಾದ್ದರಿಂದ ಈ ಪ್ರಶ್ನೆಯನ್ನು ನನ್ನ ಮುಖಕ್ಕೇ ಕೇಳಿದವರಿದ್ದಾರೆ. ಅವರಿಗೆ ನಾನು ಹೇಳುವುದಿಷ್ಟು: ಬಾಸ್ ಮೀನಿಗೆ ಬಿಗಿಯಾದ ನಿಯಮ ಬೇಕು ಎಂದು ಸರಕಾರದ ಬಾಗಿಲು ಮೊದಲು ತಟ್ಟಿದವರೇ ಗಾಳಗಾರರು. ಆಗ ಬಾಗಿಲು ತೆರೆಯಲಿಲ್ಲ. ಮೀನು ಖಾಲಿಯಾದ ಮೇಲೆ ತೆರೆಯಿತು, ಶಿಕ್ಷೆಯ ಪತ್ರ ಮೊದಲು ತಟ್ಟಿದವರ ಕೈಗೇ ಬಂತು.

ಬಾಸ್ ನಿಧಾನವಾಗಿ ಬೆಳೆಯುವ ಮೀನು. ಇಂಗ್ಲಿಷ್ ಕಾಲುವೆಯ ತಣ್ಣನೆ ನೀರಿನಲ್ಲಿ ಹೆಣ್ಣು ಬಾಸ್ ಮೊದಲ ಬಾರಿ ಮೊಟ್ಟೆ ಇಡುವ ಹೊತ್ತಿಗೆ ಐದಾರು ವರ್ಷ ದಾಟಿರುತ್ತದೆ, ಉದ್ದ 40 ಸೆಂಟಿಮೀಟರ್ ಮೀರಿರುತ್ತದೆ. ಬದುಕಿದರೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಬಾಳುತ್ತದೆ. 1990ರಿಂದ ಇದ್ದ ಕನಿಷ್ಠ ಅಳತೆ ಮಾತ್ರ 36 ಸೆಂಟಿಮೀಟರ್. ಒಮ್ಮೆಯೂ ಮೊಟ್ಟೆ ಇಡದ ಹೆಣ್ಣು ಮೀನನ್ನು ಕಾನೂನುಬದ್ಧವಾಗಿ ಮಾರುಕಟ್ಟೆಗೆ ಒಯ್ಯಬಹುದು ಎಂದೇ ಇದರ ಅರ್ಥ. ಈ ಅಳತೆ ಏರಿಸಿ ಎಂದು ಗಾಳಗಾರರ ಸಂಘಗಳು ವರ್ಷಗಟ್ಟಲೆ ಒತ್ತಾಯಿಸಿದವು. ಅಳತೆ ಏರಿದರೆ ತಮ್ಮ ಬುಟ್ಟಿಗೂ ಮೀನು ಕಡಿಮೆಯಾಗುತ್ತದೆಂದು ಗೊತ್ತಿದ್ದೇ ಕೇಳಿದರು. 2006ರಲ್ಲಿ ಮೀನುಗಾರಿಕೆ ಮಂತ್ರಿಯಾಗಿದ್ದ ಬೆನ್ ಬ್ರಾಡ್‌ಶಾ ಅದನ್ನು 40ಕ್ಕೆ ಏರಿಸುವುದಾಗಿ ಪ್ರಕಟಿಸಿದರು. ಮುಂದಿನ ವರ್ಷ ಆ ಕುರ್ಚಿಗೆ ಬಂದ ಜೊನಾಥನ್ ಶಾ ಆ ತೀರ್ಮಾನವನ್ನು ಹಿಂದಕ್ಕೆ ತೆಗೆದುಕೊಂಡರು. ವಾಣಿಜ್ಯ ಮೀನುಗಾರರ ವಿರೋಧದ ಮುಂದೆ ಸರಕಾರ ಮಣಿಯಿತು.

ನಾಲ್ಕು ಸೆಂಟಿಮೀಟರ್ ಅಷ್ಟೆ. ಅದನ್ನು 2007ರಲ್ಲೇ ಕೊಟ್ಟಿದ್ದರೆ ಮುಂದಿನ ಹತ್ತು ವರ್ಷದ ಅರ್ಧ ಜಗಳ ಹುಟ್ಟುತ್ತಿರಲಿಲ್ಲ ಎಂದು ನನ್ನ ನಂಬಿಕೆ.

ಆಮೇಲೆ ಆದದ್ದು ಇದು. 2008ರಿಂದಾಚೆಗೆ ಚಳಿಗಾಲಗಳು ಕಠಿಣವಾಗಿದ್ದು ಮರಿಗಳು ಉಳಿಯಲಿಲ್ಲ. ಹಿಡಿತ ಮಾತ್ರ ತಗ್ಗಲಿಲ್ಲ, ವರ್ಷಕ್ಕೆ 4 ಸಾವಿರ ಟನ್ ಸುತ್ತಮುತ್ತ ಬಲೆಗೆ ಬೀಳುತ್ತಲೇ ಇತ್ತು. ಚಳಿಗಾಲದ ಕೊನೆಗೆ ಬಾಸ್ ಮೊಟ್ಟೆ ಇಡಲು ಕಾಲುವೆಯ ಪಶ್ಚಿಮದ ಆಳದಲ್ಲಿ ಹಿಂಡುಹಿಂಡಾಗಿ ಸೇರುತ್ತದೆ. ಎರಡು ಹಡಗುಗಳು ಜೋಡಿಯಾಗಿ ಒಂದೇ ದೊಡ್ಡ ಬಲೆ ಎಳೆಯುವ ಪದ್ಧತಿ ಅಲ್ಲಿ ನಡೆಯುತ್ತಿತ್ತು. ಮಲ್ಪೆ, ಮಂಗಳೂರಿನವರಿಗೆ ಇದನ್ನು ವಿವರಿಸಬೇಕಿಲ್ಲ. ನಮ್ಮಲ್ಲಿ ಇದನ್ನು ಬುಲ್ ಟ್ರಾಲ್ ಎನ್ನುತ್ತಾರೆ, ಅದರ ವಿರುದ್ಧ ನಾಡದೋಣಿಯವರು ಬೀದಿಗಿಳಿದದ್ದೂ ನೆನಪಿದೆ. ಬಸುರಿ ಮೀನಿನ ಹಿಂಡನ್ನೇ ಬಾಚುವ ಈ ಕೆಲಸವನ್ನು ಯುರೋಪಿಯನ್ ಒಕ್ಕೂಟ ತುರ್ತು ಕ್ರಮವಾಗಿ ನಿಲ್ಲಿಸಿದ್ದು 2015ರ ಜನವರಿಯಲ್ಲಿ. ಹಿಡಿತವನ್ನು ಶೇ 80ರಷ್ಟು ಕಡಿತಗೊಳಿಸಿ ಎಂದು ಐಸಿಇಎಸ್ ಎಂಬ ಅಂತರರಾಷ್ಟ್ರೀಯ ಸಮುದ್ರ ವಿಜ್ಞಾನ ಮಂಡಳಿ ಹೇಳಿದ ಮೇಲೆ.

ಆ ನಿಷೇಧ ಸರಿಯಾದದ್ದು. ಅದರ ಬೆನ್ನಿಗೇ ಗಾಳಗಾರರಿಗೆ ದಿನಕ್ಕೆ 3 ಮೀನಿನ ಮಿತಿ ಬಂತು, ಸೆಪ್ಟೆಂಬರಿನಲ್ಲಿ ಕನಿಷ್ಠ ಅಳತೆ 42ಕ್ಕೆ ಏರಿತು. ಅದನ್ನೂ ಹೆಚ್ಚಿನವರು ಒಪ್ಪಿದರು. ತಕ್ಕಡಿ ವಾಲಿದ್ದು 2016ರಲ್ಲಿ. ವರ್ಷದ ಮೊದಲ ಆರು ತಿಂಗಳು ಗಾಳಗಾರರು ಒಂದೂ ಇಟ್ಟುಕೊಳ್ಳುವಂತಿಲ್ಲ, ಉಳಿದ ಆರು ತಿಂಗಳು ದಿನಕ್ಕೆ ಒಂದು ಎಂದಾಯಿತು. ಅದೇ ಮೊದಲ ಆರು ತಿಂಗಳಲ್ಲಿ ಫೆಬ್ರುವರಿ, ಮಾರ್ಚ್ ಬಿಟ್ಟರೆ ಗಿಲ್‌ನೆಟ್ ದೋಣಿಗೆ ತಿಂಗಳಿಗೆ 1.3 ಟನ್ ಹಿಡಿಯುವ ವಿನಾಯಿತಿ ಸಿಕ್ಕಿತು. 2018ಕ್ಕೆ ವಿಜ್ಞಾನಿಗಳು ಕೊಟ್ಟ ಸಲಹೆ ಯಾರೂ ಹಿಡಿಯಬಾರದು ಎಂಬುದಾಗಿತ್ತು. ಬ್ರಸೆಲ್ಸ್‌ನಲ್ಲಿ ಸೇರಿದ ಒಕ್ಕೂಟದ ಮಂತ್ರಿಗಳು ಆ ಸೊನ್ನೆಯನ್ನು ಗಾಳಗಾರರಿಗೆ ಪೂರ್ತಿಯಾಗಿ ಹಂಚಿ, ಬಲೆಯವರಿಗೆ ಟನ್ನುಗಳ ಲೆಕ್ಕದಲ್ಲಿ ಬಿಟ್ಟುಕೊಟ್ಟರು. ವಿಜ್ಞಾನದ ಹೆಸರಿನಲ್ಲಿ ಮಾಡಿದ ಈ ಹಂಚಿಕೆಯಲ್ಲಿ ವಿಜ್ಞಾನವಿರಲಿಲ್ಲ.

ಗಾಳಗಾರರ ಹಿಡಿತವೂ ಸಣ್ಣದಲ್ಲ, ಒಟ್ಟು ಹಿಡಿತದ ಸುಮಾರು ಕಾಲು ಭಾಗ ಅವರದೇ ಎಂಬ ಅಂದಾಜು ಆಗ ಎಲ್ಲೆಡೆ ಕೇಳಿಬಂತು. ಇದನ್ನು ತಳ್ಳಿಹಾಕುವವನು ನಾನಲ್ಲ. ಲಕ್ಷಾಂತರ ಜನ ಒಂದೊಂದು ಹಿಡಿದರೂ ಅದು ಲೆಕ್ಕಕ್ಕೆ ಬರಲೇಬೇಕು. ಆದರೆ ಆ ಅಂದಾಜು ನಿಂತದ್ದು ಬೇರೆ ಬೇರೆ ದೇಶಗಳು ಬೇರೆ ಬೇರೆ ವರ್ಷ, ಬೇರೆ ಬೇರೆ ಬಗೆಯಲ್ಲಿ ನಡೆಸಿದ ಕೆಲವೇ ಸಮೀಕ್ಷೆಗಳ ಮೇಲೆ. ಬಿಟ್ಟ ಮೀನಿನಲ್ಲಿ ಎಷ್ಟು ಸಾಯುತ್ತದೆ ಎಂಬ ಮುಖ್ಯ ಪ್ರಶ್ನೆಗೆ ಗಟ್ಟಿಯಾದ ಉತ್ತರವಿಲ್ಲದೆಯೇ ಆದೇಶ ಹೊರಟಿತ್ತು. ಅದೇ 2018ರ ಬೇಸಿಗೆಯಲ್ಲಿ ಐಸಿಇಎಸ್ ಲೆಕ್ಕ ಪರಿಷ್ಕರಿಸಿತು. ಬಿಟ್ಟ ಬಾಸ್‌ಗಳಲ್ಲಿ ಸಾಯುವುದು ಶೇ 5ರಷ್ಟು ಎಂದು ಇಟ್ಟುಕೊಂಡಿತು. ಅಕ್ಟೋಬರ್ 1ರಿಂದ ದಿನಕ್ಕೆ ಒಂದು ಮೀನು ಒಯ್ಯಬಹುದೆಂದು ತಿದ್ದುಪಡಿ ಬಂತು. ಅಷ್ಟರಲ್ಲಿ ಬೇಸಿಗೆ ಮುಗಿದಿತ್ತು. ವೇಮತ್‌ನಂಥ ಊರುಗಳಲ್ಲಿ ಗಾಳಗಾರರನ್ನು ಕಡಲಿಗೆ ಒಯ್ಯುವ ಬಾಡಿಗೆ ದೋಣಿಯವರಿಗೆ ದುಡಿಮೆಯ ಕಾಲವೇ ಅದು.

ಆ ಶೇ 5 ಎಂಬ ಅಂಕಿಯನ್ನು ದಂಡೆಯಲ್ಲಿ ನಿಂತವರು ಕಣ್ಣಾರೆ ಬಲ್ಲರು. ಬಾಸ್‌ನ ಬೆನ್ನ ಮೇಲಿನ ರೆಕ್ಕೆ ಮುಳ್ಳು ಮುಳ್ಳು, ಕಿವಿರಿನ ಮುಚ್ಚಳದ ಅಂಚು ಬ್ಲೇಡಿನಷ್ಟು ಹರಿತ. ಹಿಡಿಯುವ ಮೊದಲು ಕೈಯನ್ನು ಸಮುದ್ರದ ನೀರಿನಲ್ಲಿ ಒದ್ದೆ ಮಾಡಿಕೊಳ್ಳಬೇಕು, ಒಣ ಕೈ ತಗುಲಿದರೆ ಮೈಮೇಲಿನ ಲೋಳೆ ಕಿತ್ತುಬರುತ್ತದೆ. ಮುಳ್ಳು ಸವರಿ ತೆಗೆದ ಕೊಕ್ಕೆಯಾದರೆ ಇಕ್ಕಳದಿಂದ ಒಂದೇ ತಿರುವಿಗೆ ತುಟಿಯಿಂದ ಕಳಚುತ್ತದೆ. ಅಳತೆಪಟ್ಟಿಯ ಮೇಲೆ ಕ್ಷಣಮಾತ್ರ ಇಟ್ಟು, ಮೊಣಕಾಲುದ್ದ ನೀರಿಗಿಳಿದು, ಅಲೆಗೆ ತಲೆ ಮಾಡಿ ಹಿಡಿದರೆ ಕಿವಿರು ನೀರು ಕುಡಿಯತೊಡಗುತ್ತದೆ. ಬಾಲ ಗಟ್ಟಿಯಾಗಿ ಬಡಿದಾಗ ಬಿಡಬೇಕು, ಅದಕ್ಕೂ ಮೊದಲಲ್ಲ. ಇದನ್ನು ಯಾವ ಇನ್‌ಸ್ಪೆಕ್ಟರೂ ಕಲಿಸಲಿಲ್ಲ. ಗಾಳಗಾರರು ಒಬ್ಬರಿಗೊಬ್ಬರು ಹೇಳಿಕೊಟ್ಟರು, ಹುಡುಗರಿಗೆ ಕಲಿಸಿದರು.

ಇನ್ನು ಬಲೆ ಎಳೆಯುವ ಟ್ರಾಲ್ ಬೋಟಿನ ಕಥೆ ನೋಡಿ. ಅದಕ್ಕೆ 2018ರಲ್ಲಿ ಇದ್ದ ಅವಕಾಶ ತಿಂಗಳಿಗೆ 100 ಕಿಲೋ, ಅದೂ ಆ ದಿನದ ಒಟ್ಟು ಹಿಡಿತದ ಶೇ 1 ಮೀರದಂತೆ, ಬೇರೆ ಮೀನಿನ ಜೊತೆ ತಪ್ಪಿಸಲಾಗದೆ ಸಿಕ್ಕಿದ್ದಾಗಿದ್ದರೆ ಮಾತ್ರ. ಕಾಗದದ ಮೇಲೆ ಇದು ಕಟ್ಟುನಿಟ್ಟಾಗಿಯೇ ಕಾಣುತ್ತದೆ. ಬಲೆಗೆ ಓದು ಬರಹ ಬರುವುದಿಲ್ಲವಲ್ಲ. ಮಿತಿ ಮೀರಿ ಬಿದ್ದ ಬಾಸ್ ಡೆಕ್ಕಿನ ಮೇಲೆ ಬರುವಷ್ಟರಲ್ಲಿ ಸತ್ತಿರುತ್ತದೆ ಅಥವಾ ಸಾಯುತ್ತಿರುತ್ತದೆ, ಅದನ್ನು ಮತ್ತೆ ಕಡಲಿಗೆ ಎಸೆಯುತ್ತಾರೆ. ಮೀನುಗಾರನಿಗೆ ಕಾಸಿಲ್ಲ, ತಿನ್ನುವವರಿಗೆ ಊಟವಿಲ್ಲ, ಮೀನೂ ಉಳಿಯಲಿಲ್ಲ. ಬದುಕಿಸಿ ಬಿಡಬಲ್ಲವನ ಮೇಲೆ ಪೂರ್ತಿ ನಿಷೇಧ, ಕೊಂದೇ ಎಸೆಯಬೇಕಾದ ಪದ್ಧತಿಗೆ ಕಿಲೋ ಲೆಕ್ಕದ ರಿಯಾಯಿತಿ. ಮೀನನ್ನು ಉಳಿಸುವುದೇ ಗುರಿಯಾಗಿದ್ದರೆ ಯಾವ ಸಾಧನದಿಂದ ಎಷ್ಟು ಮೀನು ಸಾಯುತ್ತದೆ ಎಂಬುದೇ ಮೊದಲ ಪ್ರಶ್ನೆಯಾಗಬೇಕಿತ್ತು.

ಹೊಟ್ಟೆಪಾಡಿನ ಮುಂದೆ ಹವ್ಯಾಸ ಯಾವ ಲೆಕ್ಕ ಎಂಬ ಮಾತನ್ನು ನಾನು ಗೌರವದಿಂದಲೇ ಕೇಳಿಸಿಕೊಳ್ಳುತ್ತೇನೆ. ಚಿಕ್ಕ ದೋಣಿಯಲ್ಲಿ ಒಬ್ಬನೇ ಹೋಗಿ ಕೈಗಾಳದಿಂದ ಬಾಸ್ ಹಿಡಿದು ಮಾರುವ ಮೀನುಗಾರ ನಮ್ಮ ಎದುರಾಳಿಯೇ ಅಲ್ಲ. ಅವನ ಸಾಧನವೂ ನಮ್ಮದೇ, ಚಿಕ್ಕ ಮೀನನ್ನು ಅವನೂ ಜೀವಂತ ಬಿಡಬಲ್ಲ. ಅವನಿಗೆ ಪಾಲು ಸಿಗಲಿ, ಮೊದಲ ಪಾಲೇ ಸಿಗಲಿ. ಆದರೆ ಹವ್ಯಾಸದ ಹಿಂದೆಯೂ ಹೊಟ್ಟೆಗಳಿವೆ. ಬ್ರಿಟಿಷ್ ಸರಕಾರವೇ ಮಾಡಿಸಿದ 2012ರ ಅಧ್ಯಯನದ ಪ್ರಕಾರ ಇಂಗ್ಲೆಂಡಿನಲ್ಲಿ ಕಡಲ ಗಾಳಗಾರರು 8 ಲಕ್ಷ 84 ಸಾವಿರ; ಆ ವರ್ಷ ಅವರು ಖರ್ಚು ಮಾಡಿದ್ದು 123 ಕೋಟಿ ಪೌಂಡ್; ಅದರಿಂದ ನೇರವಾಗಿ ನಡೆದದ್ದು ಹತ್ತು ಸಾವಿರಕ್ಕೂ ಹೆಚ್ಚು ಪೂರ್ಣಾವಧಿ ಕೆಲಸಗಳು. ಗಾಳದ ಅಂಗಡಿ, ಎರೆಹುಳು ಅಗೆದು ಮಾರುವವರು, ಬಾಡಿಗೆ ದೋಣಿ, ದಂಡೆಯ ಚಿಕ್ಕ ವಸತಿಗೃಹ, ಚಹದ ಅಂಗಡಿ, ಎಲ್ಲವೂ ಇದರಲ್ಲಿ ಸೇರಿವೆ. ಸರಕಾರದ ಕಪಾಟಿನಲ್ಲೇ ಇದ್ದ ಈ ವರದಿಯ ತೂಕ ಹಂಚಿಕೆಯಲ್ಲಿ ಕಾಣಲಿಲ್ಲ.

ಬೇರೆ ದಾರಿ ಇರಲಿಲ್ಲವೇ? ನೆರೆಯ ಐರ್ಲೆಂಡ್ 1990ರಲ್ಲೇ ಬಾಸ್‌ನ ವಾಣಿಜ್ಯ ಮೀನುಗಾರಿಕೆಯನ್ನು ನಿಲ್ಲಿಸಿ ಅದನ್ನು ಗಾಳದ ಮೀನು ಎಂದು ಮೀಸಲಿಟ್ಟಿತು. ಗಾಳಗಾರರಿಗೂ ಅಲ್ಲಿ ಬಿಗಿ ನಿಯಮವಿತ್ತು: ದಿನಕ್ಕೆ ಎರಡೇ ಮೀನು, ಮೇ ಮಧ್ಯದಿಂದ ಜೂನ್ ಮಧ್ಯದವರೆಗೆ ಒಂದೂ ಇಲ್ಲ. ಬಾಸ್ ಹುಡುಕಿಕೊಂಡು ಹೊರದೇಶದ ಗಾಳಗಾರರು ಇಂದಿಗೂ ಅಲ್ಲಿಗೆ ದುಡ್ಡು ಕೊಟ್ಟು ಹೋಗುತ್ತಾರೆ.

ಗಾಳಗಾರರನ್ನು ಹೊರಗಟ್ಟಿದರೆ ಕಾವಲೂ ಹೋಗುತ್ತದೆ. ಇದಕ್ಕೆ ನಮ್ಮ ಕಾವೇರಿಗಿಂತ ದೊಡ್ಡ ಸಾಕ್ಷಿ ಬೇಡ. ಕಡಲಲ್ಲ, ಹೊಳೆ ಎಂಬುದು ಬಿಟ್ಟರೆ ಪ್ರಶ್ನೆ ಅದೇ. ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಕಳಿಯಲ್ಲಿ ದಶಕಗಳ ಕಾಲ ಮಹಶೀರ್ ಮೀನು ಹಿಡಿದು ಬಿಡುವ ಶಿಬಿರಗಳು ನಡೆದವು, ಸುತ್ತಲ ಹಳ್ಳಿಯವರಿಗೆ ಅಲ್ಲಿ ಕೆಲಸವಿತ್ತು, ಸಿಡಿಮದ್ದು ಹಾಕಿ ಮೀನು ಕೊಲ್ಲುವವರಿಗೆ ಆ ಕಣ್ಣುಗಳ ಭಯವಿತ್ತು. ವನ್ಯಜೀವಿ ಕಾಯ್ದೆಯ ಹೆಸರಿನಲ್ಲಿ ಅಭಯಾರಣ್ಯದೊಳಗೆ ಗಾಳ ನಿಂತಿತು. ಗಾಲಿಬೋರೆಯಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ಹಿಡಿತದ ಪುಸ್ತಕಗಳನ್ನು ಆಮೇಲೆ ಸಂಶೋಧಕರು ಬಿಡಿಸಿ ನೋಡಿದಾಗಲೇ ಕಾವೇರಿಯ ಗೂನುಬೆನ್ನಿನ ಮಹಶೀರ್ ಮರೆಯಾಗುತ್ತಿದೆ, ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಜಾತಿ ಅದರ ಜಾಗ ಹಿಡಿದಿದೆ ಎಂಬುದು ಬಯಲಾಯಿತು. 2018ರಲ್ಲಿ ಅದು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿ ಸೇರಿತು. ಆ ಸತ್ಯವನ್ನು ಹೇಳಿದ್ದು ಗಾಳಗಾರರ ಲೆಕ್ಕದ ಪುಸ್ತಕ. ಗಾಳ ನಿಲ್ಲಿಸಿದ ದಿನ ಆ ಪುಸ್ತಕವೂ ನಿಂತಿತು.

ಬಾಸ್ ವಿಷಯದಲ್ಲಿ ಸ್ವಲ್ಪ ವಿವೇಕ ಮರಳಿದೆ. 2020ರಿಂದ ಗಾಳಗಾರರಿಗೆ ವರ್ಷದ ಹೆಚ್ಚಿನ ತಿಂಗಳಲ್ಲಿ ದಿನಕ್ಕೆ 2 ಮೀನು ಸಿಕ್ಕಿತು. ಬ್ರಿಟನ್ ಒಕ್ಕೂಟದಿಂದ ಹೊರಬಂದ ಮೇಲೆ 2023ರ ಡಿಸೆಂಬರಿನಲ್ಲಿ ಬಾಸ್‌ಗೆ ಪ್ರತ್ಯೇಕ ನಿರ್ವಹಣಾ ಯೋಜನೆಯೂ ಬಂತು. ಅದರಲ್ಲಿ ಗಾಳಗಾರರ ಹೆಸರಿದೆ. ಹೆಸರಿದ್ದರೆ ಸಾಲದು, ಪಾಲು ಬೇಕು. ಆಮೇಲೆ ಪೊಲಾಕ್ ಎಂಬ ಇನ್ನೊಂದು ಮೀನಿನ ಸರದಿ ಬಂತು. 2024ರಲ್ಲಿ ಇಂಗ್ಲೆಂಡಿನ ನೈಋತ್ಯ ನೀರಿನಲ್ಲಿ ಅದರ ವಾಣಿಜ್ಯ ಕೋಟಾ ಬೇರೆ ಮೀನಿನ ಜೊತೆ ಸಿಕ್ಕಿದ್ದರ ಹೊರತು ಸೊನ್ನೆಯಾಯಿತು, ಗಾಳಗಾರರು ತಾವಾಗಿಯೇ ಮಿತಿ ಹಾಕಿಕೊಂಡರು. ಪೊಲಾಕ್ ಬಾಸ್‌ನಂತಲ್ಲ. ಆಳದಿಂದ ಬೇಗ ಮೇಲೆಳೆದರೆ ಅದರ ಗಾಳಿಚೀಲ ಉಬ್ಬುತ್ತದೆ, ಬಿಟ್ಟರೂ ಕೆಳಗಿಳಿಯಲಾಗದೆ ತೇಲುತ್ತದೆ. ಹಿಡಿದು ಬಿಡಿ ಎಂಬ ಬಾಸ್‌ನ ನಿಯಮವನ್ನೇ ಅದಕ್ಕೂ ಅಂಟಿಸಿದರೆ ಮೀನು ಸಾಯುತ್ತದೆ, ಲೆಕ್ಕದಲ್ಲಿ ಮಾತ್ರ ಬದುಕಿರುತ್ತದೆ. ಆಳದ ಬಂಡೆಗಳ ಮೇಲೆ ಅದನ್ನೇ ಗುರಿಮಾಡಿ ಹಿಡಿಯುವುದನ್ನು ಕಡಿಮೆ ಮಾಡಬೇಕು, ಹಿಡಿದ ಒಂದೆರಡನ್ನು ಇಟ್ಟುಕೊಂಡು ಗಾಳ ಸುತ್ತಿಡಬೇಕು. ಇದನ್ನು ಬಾಡಿಗೆ ದೋಣಿಯ ಯಾವ ಹಳಬರನ್ನು ಕೇಳಿದರೂ ಹೇಳುತ್ತಾರೆ.

ಹಾಗಾಗಿ ಪ್ರತಿ ವರ್ಷದ ಕೊನೆಗೆ ಬ್ರಿಟನ್ ಮತ್ತು ಯುರೋಪಿಯನ್ ಒಕ್ಕೂಟ ಕುಳಿತು ಮೀನು ಹಂಚಿಕೊಳ್ಳುವಾಗ ಗಾಳಗಾರರ ಪ್ರತಿನಿಧಿ ತೀರ್ಮಾನಕ್ಕೆ ಮೊದಲು ಒಳಗಿರಬೇಕು, ತೀರ್ಮಾನ ಓದಿ ಹೇಳುವಾಗ ಹೊರಗೆ ನಿಂತಿರಬಾರದು. ಪ್ರತಿ ಸಾಧನದಿಂದ ಎಷ್ಟು ಮೀನು ಸತ್ತಿತು, ಎಷ್ಟನ್ನು ಸತ್ತಮೇಲೆ ಕಡಲಿಗೆ ಎಸೆದರು ಎಂಬ ಲೆಕ್ಕ ಗಾಳದ ಲೆಕ್ಕದ ಪಕ್ಕದಲ್ಲೇ ಅಚ್ಚಾಗಬೇಕು. ಬಾಸ್ ಮೊಟ್ಟೆಯಿಡುವ ತಿಂಗಳುಗಳಲ್ಲಿ ನಿಲ್ಲಿಸುವುದಾದರೆ ಗಾಳ, ಗಿಲ್‌ನೆಟ್, ಟ್ರಾಲ್ ಮೂರನ್ನೂ ಒಂದೇ ದಿನ ನಿಲ್ಲಿಸಲಿ. ಆ ದಿನ ಕೋಲು ಕೆಳಗಿಡುವವರಲ್ಲಿ ನಾವು ಮೊದಲಿಗರಾಗಿರುತ್ತೇವೆ.