ೞಕಾರವೂ ಜಾಲತಾಣವೂ

ಕನ್ನಡದ ಜಾಲತಾಣವನ್ನು ನಡೆಸುವುದು ಕಂಪ್ಯೂಟರ್ ಬಲ್ಲವರ ಕೆಲಸ, ಸಾಹಿತ್ಯದ ವಿದ್ಯಾರ್ಥಿಗೆ ಅಲ್ಲಿ ಪಾತ್ರವಿಲ್ಲ ಎಂಬ ನಂಬಿಕೆ ಬಲವಾಗಿದೆ. ಅದರಲ್ಲಿ ಅರ್ಧ ಸತ್ಯವೂ ಇಲ್ಲ. ತಾಣವನ್ನು ಕಟ್ಟಿಕೊಡಲು ಪೇಟೆಯಲ್ಲಿ ಯಾರಾದರೂ ಸಿಗುತ್ತಾರೆ. ಅದರೊಳಗಿನ ಕನ್ನಡವನ್ನು ಕಾಯುವವರು ಸಿಗುವುದು ಕಷ್ಟ.

ಮೊದಲ ತೊಡಕು ಹಳೆಯ ಫಾಂಟುಗಳದು. ಯುನಿಕೋಡಿಗೆ ಮುಂಚಿನ ನುಡಿ, ಬರಹ, ಶ್ರೀಲಿಪಿ ಫಾಂಟುಗಳು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದಂಥವು. ಆ ಕಡತವನ್ನು ಹಾಗೆಯೇ ಜಾಲಪುಟಕ್ಕೆ ಸುರಿದರೆ, ಫಾಂಟಿಲ್ಲದ ಓದುಗನಿಗೆ ಟೋಪಿ-ಬಾಲಗಳುಳ್ಳ ರೋಮನ್ ಕಗ್ಗವಷ್ಟೇ ಕಾಣುತ್ತದೆ. ಇದಕ್ಕೆ ಹೆದರಿ ಪುಟದ ಚಿತ್ರವನ್ನೇ ಏರಿಸುವವರಿದ್ದಾರೆ. ಓದಲು ಬರುತ್ತದೆ, ನಿಜ. ಆದರೆ ಅದರಲ್ಲಿ ಪದ ಹುಡುಕಲು ಬಾರದು, ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶಕ್ಕೆ ಅದು ಮೂಕಚಿತ್ರ. ಯುನಿಕೋಡಿಗೆ ಪರಿವರ್ತಿಸುವುದೇ ಸರಿಯಾದ ದಾರಿ.

ಹಳಗನ್ನಡ ಓದಿದವರ ಅಗತ್ಯ ಬೀಳುವುದು ಇಲ್ಲಿಯೇ. ಯುನಿಕೋಡಿನಲ್ಲಿ ಕನ್ನಡಕ್ಕೆ ಮೀಸಲಾದ 128 ಸ್ಥಾನಗಳಲ್ಲಿ ೞ, ಱ ಎರಡೂ ಇವೆ. ಸ್ವಾರಸ್ಯವೆಂದರೆ ೞಕಾರ ಅಲ್ಲಿ ದಾಖಲಾಗಿರುವುದು 'ಫ' ಎಂಬ ತಪ್ಪು ಹೆಸರಿನಲ್ಲಿ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಆ ಪ್ರಮಾದ ಇಂದಿಗೂ ಉಳಿದಿದೆ. ಹೆಸರು ತಪ್ಪಾದರೂ ಅಕ್ಷರ ಸರಿಯಾಗಿದೆ, ಬಳಸಬೇಕು. ಬೆರಳಚ್ಚಿಸುವವನು ೞಕಾರಕ್ಕೆ ಬದಲಾಗಿ ಳಕಾರ ಒತ್ತಿದರೆ 'ಅೞಿ' ಹೋಗಿ 'ಅಳಿ'ಯಾಗುತ್ತದೆ. ನಾಶವಾಗಬೇಕಾದದ್ದು ದುಂಬಿಯಾಗಿ ಹಾರುತ್ತದೆ! ಯಂತ್ರಕ್ಕೆ ಇದು ತಪ್ಪೆಂದು ತೋರದು.

ಹೆಸರುಗಳ ಪಾಡೂ ಇದೇ. ಕಯ್ಯಾರರ ಹೆಸರನ್ನು 'ಕಿಞ್ಞಣ್ಣ' ಎಂದೂ 'ಕಿಂಞಣ್ಣ' ಎಂದೂ ಬರೆಯುವ ರೂಢಿಯಿದೆ. ಪುಟದೊಳಗೆ ಒಂದನ್ನು ಹುಡುಕಿದವನಿಗೆ ಇನ್ನೊಂದು ಸಿಗದು. ಪುಟದಲ್ಲೊಂದು ಕಡೆಯಾದರೂ ಎರಡು ರೂಪಗಳನ್ನೂ ಕೊಡುವುದು ಲೇಸು.

ಪುಟದ ಭಾಷೆ ಕನ್ನಡವೆಂಬುದನ್ನು ಎಚ್‌ಟಿಎಂಎಲ್ ಟ್ಯಾಗಿನಲ್ಲಿ 'ಕೆಎನ್' ಸಂಕೇತದಿಂದ ಸೂಚಿಸಬೇಕು. ದೇವನಾಗರಿಯಲ್ಲಿ ಮರಾಠಿಯ ಲ, ಶ ಅಕ್ಷರಗಳ ರೂಪ ಹಿಂದಿಯವಕ್ಕಿಂತ ಭಿನ್ನ; ಭಾಷೆ ಸೂಚಿಸದ ಪುಟದಲ್ಲಿ ಮರಾಠಿ ಓದುಗನಿಗೆ ಹಿಂದಿಯ ರೂಪಗಳೇ ಎದುರಾಗುವುದುಂಟು. ಕನ್ನಡಕ್ಕೆ ಆ ಬಾಧೆಯಿಲ್ಲವಾದರೂ, ಓದಿ ಹೇಳುವ ತಂತ್ರಾಂಶಕ್ಕೆ ಕನ್ನಡದ ದನಿಯನ್ನು ಆರಿಸಲು ಆ ಸೂಚನೆ ಬೇಕು. ಸಾಲುಗಳ ನಡುವಿನ ಅಂತರವನ್ನು ರೋಮನ್ ಲಿಪಿಯ ಅಳತೆಯಲ್ಲಿ ಬಿಟ್ಟರೆ 'ರಾಷ್ಟ್ರ'ದ ಒತ್ತಕ್ಷರಗಳು ಕೆಳಸಾಲಿಗೆ ತಾಗುತ್ತವೆ. ಸಣ್ಣ ಫೋನಿನಲ್ಲಿ ತೆರೆದು ಪರೀಕ್ಷಿಸಬೇಕು.

ಉಳಿದುದು ಗೃಹಕೃತ್ಯ. ಡೊಮೈನ್ ಹೆಸರು ಸಂಸ್ಥೆಯ ವಿಳಾಸದಲ್ಲಿ ನೋಂದಣಿಯಾಗಿರಬೇಕೇ ಹೊರತು ಪದವಿ ಮುಗಿಸಿ ಹೊರಡುವ ವಿದ್ಯಾರ್ಥಿಯ ಮಿಂಚಂಚೆಯಲ್ಲಲ್ಲ. ನವೀಕರಣದ ದಿನಾಂಕ ವಿಭಾಗದ ಗೋಡೆಯ ಕ್ಯಾಲೆಂಡರಿನಲ್ಲಿರಲಿ. ಎಲ್ಲ ಬರಹಗಳ ಪ್ರತಿಯೊಂದು ತಿಂಗಳಿಗೊಮ್ಮೆ ಬೇರೆಡೆ ಸೇರಲಿ. 1956ರ ನವೆಂಬರ್ 1ರಿಂದ ಕೇರಳದಲ್ಲಿರುವ ಈ ನೆಲದ ಕನ್ನಡ ಬರಹಗಳಲ್ಲಿ ಎಷ್ಟೋ ಊರ ಸಂಚಿಕೆಗಳಲ್ಲಿ, ಸ್ಮರಣಸಂಪುಟಗಳಲ್ಲಿ ಚದುರಿವೆ. ವಿಭಾಗದ ಹಳೆಯ ವಾರ್ತಾಪತ್ರಗಳ ಕಡತಗಳನ್ನು ಈ ವರ್ಷವೇ ತೆರೆದು, ತಲಾ ಹತ್ತು ಪುಟಗಳಂತೆ ಹಂಚಿಕೊಂಡು, ಮುದ್ರಿತ ಪ್ರತಿಯೊಡನೆ ಒಪ್ಪಿಸಿ ನೋಡಲು ಐಚ್ಛಿಕ ಕನ್ನಡದ ಒಂದು ತರಗತಿ ಸಾಕು.