ಕೋಟೆಗೆ ದೊರೆತ ಭಾಗ್ಯ ಬಾವಿಗೂ ದೊರೆಯಲಿ

ಪುರಾತನ ದುರ್ಗವೊಂದು ಹೋಟೆಲಾಯಿತೆಂದು ಕೇಳಿದೊಡನೆ ನಮ್ಮಲ್ಲಿ ಅನೇಕ ಸಹೃದಯರು ಖೇದಗೊಳ್ಳುತ್ತಾರೆ. ಅರಸರು ಆಳಿದ, ವೀರರು ಕಾದಿದ ನೆಲದಲ್ಲಿ ದಿನಬಾಡಿಗೆಗೆ ಹಾಸಿಗೆ ಹಾಸುವುದು ಇತಿಹಾಸಕ್ಕೆ ಎಸಗಿದ ಅಪಚಾರವೆಂಬುದು ಅವರ ಭಾವನೆ. ಆ ಖೇದದ ಹಿಂದಿರುವ ಗೌರವಬುದ್ಧಿಯನ್ನು ನಾನು ಮನ್ನಿಸುತ್ತೇನೆ. ಆದರೆ ರಾಜಸ್ಥಾನದ ನೀಮ್ರಾಣಾ ಕೋಟೆಯಲ್ಲಿ ತಂಗಿ ಬಂದ ತರುವಾಯ, ಆಕ್ಷೇಪಿಸತಕ್ಕದ್ದು ಹಾಸಿಗೆಯನ್ನಲ್ಲ, ಹಾಸಿಗೆ ಹಾಸಲು ಬಾರದ ಕಟ್ಟಡಗಳ ವಿಷಯದಲ್ಲಿ ನಾವು ತಳೆದಿರುವ ಔದಾಸೀನ್ಯವನ್ನು ಎಂಬುದು ನನಗೆ ಮನದಟ್ಟಾಗಿದೆ.

ದಿಲ್ಲಿಯಿಂದ ಜಯಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಸುಮಾರು 120 ಕಿಲೋಮೀಟರು ಸಾಗಿ ಪಕ್ಕಕ್ಕೆ ಹೊರಳಿದರೆ, ಅರಾವಳಿಯ ಗುಡ್ಡವೊಂದರ ಮಗ್ಗುಲನ್ನು ಹಿಡಿದು ಅಂತಸ್ತಿನ ಮೇಲೆ ಅಂತಸ್ತಾಗಿ ಏರಿನಿಂತ ಈ ದುರ್ಗ ಕಾಣುತ್ತದೆ. 1464ರಲ್ಲಿ ಇದಕ್ಕೆ ಅಸ್ತಿಭಾರ ಹಾಕಿದವರು, 1192ರಲ್ಲಿ ತರಾಯಿನ್ ರಣಾಂಗಣದಲ್ಲಿ ಪರಾಜಿತನಾದ ಪೃಥ್ವೀರಾಜ ಚೌಹಾಣನ ವಂಶಜರೆಂದು ಹೇಳಿಕೊಳ್ಳುವ ಅರಸರು. 1947ರಲ್ಲಿ ಆ ಮನೆತನದವರು, ಮುಂಭಾಗವೇ ಕುಸಿಯತೊಡಗಿದ್ದ ಕೋಟೆಯನ್ನು ತೊರೆದು ಬೇರೆ ನಿವಾಸಕ್ಕೆ ಹೋದರು. ಅಲ್ಲಿಂದ ಮುಂದೆ ಸುಮಾರು ನಾಲ್ಕು ದಶಕಗಳ ಕಾಲ ಅದು ಹಾಳುಬಿದ್ದಿತ್ತು. 1986ರಲ್ಲಿ ಅಮನ್ ನಾಥ್, ಫ್ರಾನ್ಸಿಸ್ ವಾಕ್ಜಿಯಾರ್ಗ್ ಮತ್ತು ಅವರ ಮಿತ್ರರು ಅದನ್ನು ಕೊಂಡು, ಜೀರ್ಣೋದ್ಧಾರ ಮಾಡಿಸಿ, 1991ರಲ್ಲಿ ಕೆಲವೇ ಕೋಣೆಗಳೊಡನೆ ಅತಿಥಿಗಳಿಗೆ ತೆರೆದರು.

ರಾಜಪುತಾನದ ಕೋಟೆಗಳು ಹಾಳಾದದ್ದು ಶತ್ರುಗಳ ಫಿರಂಗಿಗಿಂತ ಹೆಚ್ಚಾಗಿ ಆದಾಯದ ಅಭಾವದಿಂದ. ಸುಣ್ಣದ ಗಾರೆಯ ಕಟ್ಟಡ ಪ್ರತಿವರ್ಷವೂ ಆರೈಕೆಯನ್ನು ಬೇಡುತ್ತದೆ. ಮಳೆಗಾಲಕ್ಕೆ ಮುನ್ನ ತಾರಸಿಯ ಬಿರುಕುಗಳನ್ನು ಮುಚ್ಚದೆ ಬಿಟ್ಟರೆ ನೀರು ಇಳಿಯುತ್ತದೆ, ಹಕ್ಕಿ ಹಾಕಿದ ಅರಳಿಯ ಬೀಜವೊಂದು ಆ ತೇವದಲ್ಲಿ ಮೊಳೆತು, ಅದರ ಬೇರು ಶತಮಾನಗಳ ಕಲ್ಲನ್ನು ಕೆಲವೇ ವರ್ಷಗಳಲ್ಲಿ ಸೀಳಿಬಿಡುತ್ತದೆ. ಈ ಆರೈಕೆಯ ವೆಚ್ಚವೆಲ್ಲ ಹಿಂದೆ ಜಹಗೀರಿನ ಕಂದಾಯದಿಂದ, ಎಂದರೆ ರೈತನ ಬೆವರಿನಿಂದ, ಬರುತ್ತಿತ್ತು. 1952ರ ಕಾನೂನು ರಾಜಸ್ಥಾನದ ಜಹಗೀರುಗಳನ್ನು ಸರ್ಕಾರಕ್ಕೆ ಹಿಂದಕ್ಕೆ ತೆಗೆದುಕೊಂಡಿತು. 1971ರಲ್ಲಿ ಮಾಜಿ ಅರಸರಿಗೆ ಸಲ್ಲುತ್ತಿದ್ದ ರಾಜಧನವೂ ರದ್ದಾಯಿತು. ಇವೆರಡೂ ನ್ಯಾಯವೇ ಸರಿ. ಅವುಗಳಿಗಾಗಿ ಮರುಗುವವರ ಪಂಕ್ತಿಯಲ್ಲಿ ನಾನಿಲ್ಲ. ಆದರೆ ಒಡೆಯನ ವರಮಾನವನ್ನು ನಿಲ್ಲಿಸಿದ ಪ್ರಜಾಪ್ರಭುತ್ವವು ಆತನ ಕಟ್ಟಡಗಳನ್ನು ನೋಡಿಕೊಳ್ಳುವವರು ಯಾರೆಂಬ ಪ್ರಶ್ನೆಯನ್ನು ಪೂರ್ಣವಾಗಿ ಬಗೆಹರಿಸಲಿಲ್ಲ. ಜಯಪುರದ ರಾಮಬಾಗ್ 1957ರಲ್ಲಿ, ಉದಯಪುರದ ಸರೋವರದ ನಡುವಣ ಅರಮನೆ 1963ರಲ್ಲಿ ಹೋಟೆಲುಗಳಾದವು. ಚಿತ್ತೋರಗಢ, ಕುಂಭಲಗಢ, ರಣಥಂಭೋರ್, ಗಾಗರೋನ್, ಆಮೇರ್, ಜೈಸಲ್ಮೇರ್ ಎಂಬ ಆರು ದುರ್ಗಗಳನ್ನು 2013ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಇಂತಹ ಹಿರಿಯರ ನಡುವೆ ಹೆಸರಿಲ್ಲದ ಸಣ್ಣ ಗಢಿಗಳ ಪಾಡೇನು? ಅವುಗಳ ಪಾಲಿಗೆ ಪ್ರವಾಸಿಯ ಹಣವಲ್ಲದೆ ಬೇರೆ ಗತಿ ಇರಲಿಲ್ಲ.

ಕೋಟೆಯೊಂದನ್ನು ನೋಡಿ ಬರುವುದಕ್ಕೂ ಅದರಲ್ಲಿ ವಾಸಿಸುವುದಕ್ಕೂ ಇರುವ ಅಂತರವನ್ನು ಅಲ್ಲಿ ರಾತ್ರಿ ಕಳೆದವನೇ ಬಲ್ಲ. ನನಗೆ ಕೊಟ್ಟ ಕೋಣೆಯ ಬಾಗಿಲು ತಲೆ ತಗ್ಗಿಸದೆ ಒಳಹೋಗಲಾಗದಷ್ಟು ಗಿಡ್ಡನೆಯದು. ಗೋಡೆಯ ದಪ್ಪದಲ್ಲಿಯೇ ಕಿಟಕಿಯ ಬಳಿ ಒಬ್ಬರು ಕಾಲು ಚಾಚಿ ಕೂರುವಷ್ಟು ಜಗಲಿ ಇತ್ತು. ಹೊರಗೆ ಬಿಸಿಲು ಉರಿಯುತ್ತಿದ್ದಾಗಲೂ ಆ ಜಗಲಿಯ ಕಲ್ಲು ತಣ್ಣಗಿತ್ತು. ಸುಣ್ಣದ ಗಿಲಾವನ್ನು ನಯವಾದ ಕಲ್ಲಿನಿಂದ ಉಜ್ಜಿ ಉಜ್ಜಿ ಹೊಳಪು ಬರಿಸುವ ಅಲ್ಲಿನ ಕುಶಲಿಗರ ವಿದ್ಯೆಯ ಅರ್ಥ, ಗೋಡೆಗೆ ಬೆನ್ನು ಕೊಟ್ಟು ಕುಳಿತಾಗ ಚರ್ಮಕ್ಕೇ ತಿಳಿಯುತ್ತದೆ. ಜಾಲಂಧ್ರದ ಹಿಂದಿನಿಂದ ಕೆಳಗಣ ಬೀದಿಯೆಲ್ಲ ಕಾಣುವುದು, ಬೀದಿಯವರಿಗೆ ಮಾತ್ರ ಒಳಗಿನವರು ಕಾಣರು. ಅಂತಃಪುರದ ಸ್ತ್ರೀಯರು ಲೋಕವನ್ನು ಹೀಗೆ ತುಂಡುತುಂಡಾಗಿ ಕಂಡು ಆಯುಷ್ಯ ಸವೆಸಿದರೆಂಬುದು, ಟಿಕೆಟು ಕೊಂಡು ಗಂಟೆಯೊಳಗೆ ಮರಳುವವನಿಗೆ ಹೊಳೆಯಲಾರದು. ಒಂದಕ್ಕೊಂದು ಸಮವಿಲ್ಲದ, ಏದುಸಿರು ತರಿಸುವ ಆ ಮೆಟ್ಟಿಲುಗಳನ್ನು ಸಪಾಟು ಮಾಡದೆ ಇದ್ದಂತೆಯೇ ಉಳಿಸಿರುವುದಕ್ಕಾಗಿ ನಾನು ಕೃತಜ್ಞನಾಗಿದ್ದೇನೆ.

ಇನ್ನು ಕೋಟೆಯಿಂದ ಇಳಿದು ಊರಿನತ್ತ ನಡೆದರೆ ನೀಮ್ರಾಣಾದ ಬಾವಡಿ ಸಿಗುತ್ತದೆ. ಅದು ನೆಲದೊಳಕ್ಕೆ ಮಹಡಿ ಮಹಡಿಯಾಗಿ ಇಳಿಯುವ, ಕಮಾನುಗಳ ಸಾಲಿನಿಂದ ಕೂಡಿದ ಬೃಹತ್ತಾದ ಮೆಟ್ಟಿಲುಬಾವಿ. ಅದರ ರಚನೆಯಲ್ಲಿ ವಿನಿಯೋಗವಾದ ಕೌಶಲ ಅರಮನೆಯದಕ್ಕಿಂತ ಕಿರಿದಲ್ಲ. ಉಪಕಾರವಂತೂ ಹಿರಿದು, ಏಕೆಂದರೆ ಅರಮನೆ ಒಂದು ಕುಲಕ್ಕೆ ನೆರಳಾದರೆ ಬಾವಡಿ ದಾರಿಹೋಕರಿಗೂ ದನಕರುಗಳಿಗೂ ನೀರಾಗಿತ್ತು. ಆದರೆ ಬಾವಿಯಲ್ಲಿ ಕೋಣೆ ಮಾಡಲಾಗದು, ಅದಕ್ಕೆ ರಾತ್ರಿಗಿಷ್ಟು ಎಂದು ದರ ಕಟ್ಟಲಾಗದು. ವ್ಯಾಪಾರವು ರಕ್ಷಿಸುವುದು ಮಲಗಲು ಯೋಗ್ಯವಾದುದನ್ನು ಮಾತ್ರ. ಇದು ವ್ಯಾಪಾರಿಯ ದೋಷವಲ್ಲ, ವ್ಯಾಪಾರದ ಧರ್ಮ. ಉಳಿದುದನ್ನು ರಕ್ಷಿಸಬೇಕಾದವರು ನಾವು, ಎಂದರೆ ಸರ್ಕಾರ ಮತ್ತು ಸಮಾಜ.

1950ಕ್ಕೆ ಮುಂಚೆ ಕಟ್ಟಿದ ಅರಮನೆ, ಕೋಟೆ, ಹವೇಲಿ, ಬೇಟೆಮನೆಗಳಲ್ಲಿ ನಡೆಯುವ ಹೋಟೆಲುಗಳಿಗೆ ಪಾರಂಪರಿಕ ಹೋಟೆಲೆಂಬ ಪ್ರತ್ಯೇಕ ಮನ್ನಣೆಯನ್ನು ಕೇಂದ್ರ ಸರ್ಕಾರ ಕೊಡುತ್ತದೆ. ಅತಿಥಿ ತೆರುವುದು ಬರಿಯ ಹಾಸಿಗೆಯ ಬೆಲೆಯಲ್ಲ, ಆ ಊರಿನ ಸಮಸ್ತ ಪೂರ್ವಸ್ಮೃತಿಯ ಬೆಲೆ. ಆದಕಾರಣ ಆ ಮನ್ನಣೆಯೊಡನೆ ಒಂದು ಹೊಣೆಯನ್ನೂ ಸೇರಿಸುವುದು ಉಚಿತ. ಕೋಣೆಯ ಬಾಡಿಗೆಯಲ್ಲಿ ನಿಗದಿಯಾದ ಒಂದು ಅಂಶ ಅದೇ ಊರಿನ ಬಾವಿ, ಛತ್ರಿಯೆಂಬ ಸ್ಮಾರಕಮಂಟಪ, ಕೆರೆಗಳ ದುರಸ್ತಿಗೆ ಸಲ್ಲಲಿ, ಅದರ ಲೆಕ್ಕವನ್ನು ಗ್ರಾಮದವರ ಮುಂದೆ ಇಡಲಿ. ಸುತ್ತಣ ಶಾಲೆಗಳ ಮಕ್ಕಳಿಗೆ ವರ್ಷದಲ್ಲಿ ಕೆಲವು ದಿನ ದ್ವಾರ ಉಚಿತವಾಗಿ ತೆರೆಯಲಿ. ಸುಣ್ಣದ ಕೆಲಸ ಬಲ್ಲ ಹಿರಿಯ ಗಾರೆಯವರ ಕೈಕೆಳಗೆ ಊರಿನ ತರುಣರು ಕೂಲಿ ಪಡೆಯುತ್ತಲೇ ವಿದ್ಯೆ ಕಲಿಯಲಿ.

ಇದು ದೂರದ ಮರುಭೂಮಿಯ ಮಾತೆಂದು ನಾವು ಕೈಕಟ್ಟಿ ಕೂರುವಂತಿಲ್ಲ. ವೈಸರಾಯರ ಆತಿಥ್ಯಕ್ಕೆಂದು ಎದ್ದ ಮೈಸೂರಿನ ಲಲಿತಮಹಲು 1974ರಲ್ಲಿಯೇ ಹೋಟೆಲಾಯಿತು; ಪಾಳೆಯಗಾರರ ಕೋಟೆಗಳೂ ಅವುಗಳ ಮಗ್ಗುಲಿನ ಕಲ್ಯಾಣಿಗಳೂ ನಮ್ಮ ಸೀಮೆಯಲ್ಲಿ ಇನ್ನೂ ಅನೇಕವುಂಟು. ಅವುಗಳಲ್ಲೊಂದನ್ನು ಕೊಳ್ಳಲು ನಾಳೆ ಯಾರಾದರೂ ಮುಂದೆ ಬಂದರೆ ನಾನು ವಿರೋಧಿಸುವವನಲ್ಲ. ಕರಾರುಪತ್ರಕ್ಕೆ ಸಹಿ ಬೀಳುವ ಮುನ್ನ ಕಲ್ಯಾಣಿಯ ಹೂಳೆತ್ತುವವರು ಯಾರೆಂಬುದನ್ನು ಅದರಲ್ಲಿ ಬರೆಸಬೇಕೆಂದು ಮಾತ್ರ ಕೇಳುತ್ತೇನೆ.